ಓದುಗರ ಪ್ರಶ್ನೆ, ಅಯ್ಯನವರ ಉತ್ತರ: ಪಾಪ ತೊಳೆದುಹೋದ ಮೇಲೆ ಹೊಲ ಯಾರದ್ದು?

ಈಸ್ಟರಿಗೆ ಮುಂಚಿನ ಪಶ್ಚಾತ್ತಾಪದ ಕಾಲವಾದ ಲೆಂಟ್ ಶುರುವಾಗುವ ಬೂದಿ ಬುಧವಾರ ಹತ್ತಿರ ಬಂದ ಹಾಗೆ ಈ ಅಂಕಣಕ್ಕೆ ಬರುವ ಪತ್ರಗಳು ಬೇರೆಯಾಗುತ್ತವೆ. ಉಳಿದ ತಿಂಗಳುಗಳಲ್ಲಿ ಮದುವೆ, ಸಭೆಯ ಚುನಾವಣೆ, ಸಮಾಧಿ ಜಾಗದ ಜಗಳ ಅಂತ ಬರೆಯುವವರು ಈಗ ತಮ್ಮ ಬಗ್ಗೆಯೇ ಬರೆಯುತ್ತಾರೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕಿಲ್ಲ. ಮೊದಲ ಎರಡು ಪತ್ರಗಳಿಗೆ ಜಾಗ ಜಾಸ್ತಿ ಬೇಕಾಯಿತು. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ತಂದೆಗೆ ಊರಿನ ಒಬ್ಬರು ಬಡ್ಡಿಗೆ ಸಾಲ ಕೊಟ್ಟಿದ್ದರು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಸಾಲ ತೀರಿದ ಮೇಲೂ ನಮ್ಮ ಎರಡು ಎಕರೆ ಎರೆಹೊಲವನ್ನು ತಮ್ಮ ಹೆಸರಿಗೆ ಮಾಡಿಕೊಂಡರು. ತಂದೆ ಅದೇ ಕೊರಗಿನಲ್ಲಿ ತೀರಿಕೊಂಡರು. ಹೋದ ವರ್ಷ ಆ ಮನುಷ್ಯ ನಮ್ಮ ಸಭೆಗೇ ಬಂದು ದೀಕ್ಷಾಸ್ನಾನ ತಗೊಂಡರು. ಈಗ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ‘ನನ್ನ ಹಳೇ ಪಾಪವೆಲ್ಲ ಯೇಸುವಿನ ರಕ್ತದಲ್ಲಿ ತೊಳೆದುಹೋಯಿತು’ ಅಂತ ಸಾಕ್ಷಿ ಹೇಳುತ್ತಾರೆ. ಜನ ಹಲ್ಲೆಲೂಯಾ ಅನ್ನುತ್ತಾರೆ. ಹೊಲ ಇನ್ನೂ ಅವರ ಹೆಸರಲ್ಲೇ ಇದೆ. ಈ ಸಲ ಹತ್ತಿ ಹಾಕಿದ್ದಾರೆ. ನಾನು ಅವರಿಗೆ ವಂದನೆ ಹೇಳುವುದಿಲ್ಲ ಅಂತ ಸಭೆಯ ಹಿರಿಯರು ನನ್ನನ್ನೇ ಕರೆಸಿ, ‘ನೀನು ಕ್ಷಮಿಸದಿದ್ದರೆ ದೇವರು ನಿನ್ನನ್ನೂ ಕ್ಷಮಿಸುವುದಿಲ್ಲ’ ಅಂದರು. ಅಯ್ಯನವರೇ, ಪಾಪ ನನ್ನದೋ ಅವರದೋ?
ಗದಗ ಜಿಲ್ಲೆಯ ಓದುಗ

ಉತ್ತರ: ಸಹೋದರರೇ, ಪಾಪ ಅವರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸಭೆಯಲ್ಲಿ ಈ ಮಾತನ್ನು ಯಾರೂ ನಿಮಗೆ ಹೇಳಿದ ಹಾಗೆ ಕಾಣುವುದಿಲ್ಲ.

ಹಿರಿಯರು ಹೇಳಿದ್ದು ಯೇಸುಸ್ವಾಮಿಯ ಮಾತೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹೊತ್ತುಕೊಂಡು ಅವರು ತಪ್ಪು ಮನೆಗೆ ಬಂದಿದ್ದಾರೆ. ಹೊಲ ಕಳೆದುಕೊಂಡವರಿಗೆ ಬುದ್ಧಿ ಹೇಳುವ ಮುಂಚೆ ಹೊಲ ಇಟ್ಟುಕೊಂಡವರ ಮನೆಗೆ ಹೋಗಬೇಕಿತ್ತು. ಅಲ್ಲಿ ಕೂತು ಲೂಕನ ಸುವಾರ್ತೆಯ 19ನೇ ಅಧ್ಯಾಯವನ್ನು ಓದಬೇಕಿತ್ತು.

ಜಕ್ಕಾಯನ ಕಥೆ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ. ಕುಳ್ಳ, ಸುಂಕದವರ ಮುಖ್ಯಸ್ಥ, ಯೆರಿಕೋ ಊರಿನ ಶ್ರೀಮಂತ. ಯೇಸುವನ್ನು ನೋಡಲು ಮರ ಹತ್ತಿದ. ನಾವು ಮಕ್ಕಳಿಗೆ ಮರ ಹತ್ತಿದ್ದನ್ನು ಹೇಳುತ್ತೇವೆ, ಇಳಿದದ್ದನ್ನು ಹೇಳುತ್ತೇವೆ, ಅಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಮುಂದೆ ನಡೆದದ್ದನ್ನು ನೋಡಿ. ಯೇಸುಸ್ವಾಮಿ ಅವನ ಹೆಸರು ಹಿಡಿದು ಕರೆದರು. ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದರು. ‘ಮೊದಲು ಲಕ್ಷಣವಾಗಿ ಲೆಕ್ಕ ಚುಕ್ತಾ ಮಾಡು, ಆಮೇಲೆ ಬರುತ್ತೇನೆ’ ಅನ್ನಲಿಲ್ಲ. ಪಾಪಿಯ ಮನೆಗೆ ಹೋದ ಅಂತ ಊರು ಗೊಣಗಿತು. ಅದಕ್ಕೆ ಕೃಪೆ ಅಂತ ಹೆಸರು. ಅದನ್ನು ಯಾರೂ ದುಡಿದು ಸಂಪಾದಿಸಲಾರರು. ನಿಮಗೆ ಮೋಸ ಮಾಡಿದವರಿಗೂ ಅದು ಸಿಗುತ್ತದೆ. ಇದು ನುಂಗಲು ಕಷ್ಟ, ನನಗೆ ಗೊತ್ತು. ಆದರೂ ಅವರ ದೀಕ್ಷಾಸ್ನಾನ ಸುಳ್ಳು ಅಂತ ನಾನು ಹೇಳಲಾರೆ, ನೀವೂ ಹೇಳಬೇಡಿ.

ಆದರೆ ಜಕ್ಕಾಯ ಊಟದ ಮನೆಯಲ್ಲಿ ಎದ್ದು ನಿಂತ. ಎದ್ದು ನಿಂತು ಸಾಕ್ಷಿ ಹೇಳಲಿಲ್ಲ, ಲೆಕ್ಕ ಹೇಳಿದ. ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ಧರ್ಮಶಾಸ್ತ್ರ ಅಷ್ಟನ್ನು ಕೇಳಿರಲಿಲ್ಲ. ಯಾಜಕಕಾಂಡದ 6ನೇ ಅಧ್ಯಾಯದ ಪ್ರಕಾರ, ಮೋಸದಿಂದ ತೆಗೆದುಕೊಂಡವನು ತಾನೇ ಒಪ್ಪಿಕೊಂಡರೆ ಪೂರ್ತಿ ವಸ್ತುವಿನ ಜೊತೆ ಐದರಲ್ಲೊಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ಅದನ್ನೂ ಯಾವತ್ತು ಕೊಡಬೇಕು? ಪ್ರಾಯಶ್ಚಿತ್ತದ ಬಲಿ ತರುವ ಅದೇ ದಿನ. ದೇವರ ಹತ್ತಿರ ಇವತ್ತು, ಮಾಲೀಕನ ಹತ್ತಿರ ಮುಂದೆಂದಾದರೂ ಅನ್ನುವ ಹಾಗಿರಲಿಲ್ಲ. ಜಕ್ಕಾಯ ಅದನ್ನೂ ಮೀರಿ ಕೊಟ್ಟ. ಯಾರೂ ಅವನನ್ನು ಒತ್ತಾಯಿಸಿರಲಿಲ್ಲ. ‘ಈ ಹೊತ್ತು ಈ ಮನೆಗೆ ರಕ್ಷಣೆ ಆಯಿತು’ ಅಂತ ಯೇಸುಸ್ವಾಮಿ ಬಾಯಿಬಿಟ್ಟು ಹೇಳಿದ್ದು ಈ ಲೆಕ್ಕ ಕೇಳಿದ ಮೇಲೆ.

ಯೇಸುವಿನ ರಕ್ತ ತೊಳೆಯುತ್ತದೆ ಅನ್ನುವುದನ್ನು ನಾನು ಜೀವಮಾನವೆಲ್ಲ ಸಾರಿದ್ದೇನೆ, ಈಗಲೂ ಸಾರುತ್ತೇನೆ. ಅದು ಅಪರಾಧವನ್ನು ತೊಳೆಯುತ್ತದೆ. ಪಹಣಿಯಲ್ಲಿರುವ ಹೆಸರನ್ನು ತಿದ್ದಲು ಆ ಮನುಷ್ಯನೇ ಎದ್ದು ಕಚೇರಿಗೆ ಹೋಗಬೇಕು.

ಇಲ್ಲಿ ಜಾನ್ ನ್ಯೂಟನ್ ನೆನಪಾಗುತ್ತಾರೆ. ‘ಅಮೇಜಿಂಗ್ ಗ್ರೇಸ್’ ಹಾಡು ಬರೆದವರು. 1748ರಲ್ಲಿ ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಯಲ್ಲಿ ಹಡಗು ಮುಳುಗುವ ಹೊತ್ತಿಗೆ ದೇವರನ್ನು ಕೂಗಿದರು, ಬದುಕಿದರು, ದೇವರ ಕಡೆಗೆ ತಿರುಗಿದರು. ನಮ್ಮ ಸಭೆಗಳಲ್ಲಿ ಸಾಕ್ಷಿ ಇಲ್ಲಿಗೆ ಮುಗಿಯುತ್ತದೆ. ಆದರೆ ಅದಾದ ಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನರಾದರು. ಮೇಲೆ ಬೈಬಲ್ ಓದುತ್ತಿದ್ದರು, ಹಡಗಿನ ತಳದಲ್ಲಿ ಸರಪಳಿಯಲ್ಲಿ ಜನ. 1754ರಲ್ಲಿ ಆ ಕೆಲಸ ಬಿಟ್ಟಿದ್ದೂ ಕಾಯಿಲೆಯಿಂದ. ಆ ವ್ಯಾಪಾರದ ಕ್ರೌರ್ಯವನ್ನೂ ಅದರಲ್ಲಿ ತಮ್ಮ ಪಾಲನ್ನೂ ಒಪ್ಪಿ ಪುಸ್ತಿಕೆ ಬರೆದದ್ದು 1788ರಲ್ಲಿ. ಆಮೇಲೆ ಅವರ ಸಾಕ್ಷಿ ಬಹಳ ಕೆಲಸಕ್ಕೆ ಬಂತು. 1807ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಮನುಷ್ಯನ ಕಣ್ಣು ತೆರೆಯಲು ಇಷ್ಟು ಕಾಲ ಹಿಡಿಯಬಹುದು ಅನ್ನುವುದು ಒಂದು ಕಡೆ. ಹೊಸದಾಗಿ ಬಂದವರ ವಿಷಯದಲ್ಲಿ ತಾಳ್ಮೆ ಬೇಕು. ಇನ್ನೊಂದು ಕಡೆ, ಹಡಗಿನ ತಳದಲ್ಲಿದ್ದವರಿಗೆ ಕಾಯಲು ಕಾಲ ಇರಲಿಲ್ಲ. ನಿಮ್ಮ ತಂದೆಗೂ ಇರಲಿಲ್ಲ. ಹಾಗಾಗಿ ಆ ಮನುಷ್ಯನ ಕಣ್ಣು ತಾನಾಗಿ ತೆರೆಯಲಿ ಅಂತ ಸಭೆ ಸುಮ್ನೆ ಕೂರಬಾರದು. ಯಾರಾದರೂ ಹೋಗಿ ಹೇಳಬೇಕು.

ಮೊದಲು ಹೋಗಬೇಕಾದವರು ನೀವೇ. ಮತ್ತಾಯ 18ರಲ್ಲಿ ದಾರಿ ಇದೆ. ನೀನೂ ಅವನೂ ಇಬ್ಬರೇ ಇರುವಾಗ ತಪ್ಪನ್ನು ತಿಳಿಸು. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಹೋಗುವ ಮುಂಚೆ ಹಳೇ ಪಹಣಿ, ಮ್ಯುಟೇಶನ್ ನಕಲು ತೆಗೆಸಿ ಇಟ್ಟುಕೊಳ್ಳಿ. ಒಬ್ಬ ವಕೀಲರನ್ನೂ ಕೇಳಿ, ಇಂಥ ವಿಷಯಕ್ಕೆ ಕಾಲಮಿತಿ ಇರುತ್ತದೆ. ‘ಕ್ರೈಸ್ತರು ಕೋರ್ಟಿಗೆ ಹೋಗಬಾರದು, ಪೌಲನೇ ಬರೆದಿದ್ದಾನೆ’ ಅಂತ ಯಾರಾದರೂ ಬಂದೇ ಬರುತ್ತಾರೆ. ಅವರಿಗೆ ಒಂದನೇ ಕೊರಿಂಥ 6ನೇ ಅಧ್ಯಾಯವನ್ನು ಪೂರ್ತಿ ಓದಲು ಹೇಳಿ. ಅನ್ಯಾಯವನ್ನು ಯಾಕೆ ಸಹಿಸಬಾರದು ಅಂತ ಪೌಲ 7ನೇ ವಚನದಲ್ಲಿ ಕೇಳುತ್ತಾನೆ, ನಿಜ. ಮರು ವಚನದಲ್ಲೇ ಸಹೋದರರಿಗೆ ಮೋಸ ಮಾಡುವವರು ನೀವೇ ಅಂತ ಬೈಯುತ್ತಾನೆ. ತೀರ್ಪು ಹೇಳಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವೇ ಅಂತ ಸಭೆಯನ್ನೂ ಕೇಳುತ್ತಾನೆ. ಬಡವನಿಗೆ 7ನೇ ವಚನ ಮಾತ್ರ ಓದಿ ಹೇಳಿ, ಉಳಿದದ್ದನ್ನು ಮುಚ್ಚಿಡುವುದು ದೇವರ ವಾಕ್ಯಕ್ಕೆ ಮಾಡುವ ಅವಮಾನ.

ಇನ್ನು ನಿಮ್ಮ ಮನಸ್ಸಿನ ವಿಷಯ. ಅವರ ಹತ್ತಿ ಹಾಳಾಗಲಿ, ಅವರ ಮಕ್ಕಳಿಗೆ ಕೆಡುಕಾಗಲಿ ಅಂತ ಒಳಗೆ ಅಂದುಕೊಳ್ಳುತ್ತಿದ್ದರೆ ಅದನ್ನು ದೇವರ ಮುಂದೆ ಇಳಿಸಿಬಿಡಿ. ಸೇಡು ನಿಮ್ಮದಲ್ಲ. ನಿಮ್ಮಿಂದ ಕೇಳುವ ಕ್ಷಮೆ ಅದು. ಹೊಲ ಕೇಳಬೇಡ ಅಂತ ಕ್ಷಮೆ ಎಂದೂ ಹೇಳುವುದಿಲ್ಲ. ಮುಂದಿನ ಭಾನುವಾರ ಅವರಿಗೆ ವಂದನೆ ಹೇಳಿ. ಹೇಳಿದ ಮೇಲೆ ಅಲ್ಲೇ ನಿಂತು, ‘ನಿಮ್ಮ ಹತ್ತಿರ ಹೊಲದ ವಿಷಯ ಮಾತಾಡಬೇಕು, ಯಾವತ್ತು ಮನೆಗೆ ಬರಲಿ?’ ಅಂತ ಕೇಳಿ.

ಹೊಲ ಇಟ್ಟುಕೊಂಡವರು ಈ ಪತ್ರಿಕೆ ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಣ್ಣಾ, ನೀವು ಯೇಸುವಿನ ಹತ್ತಿರ ಬಂದದ್ದಕ್ಕೆ ನನಗೆ ನಿಜವಾಗಿಯೂ ಸಂತೋಷ. ಇಷ್ಟು ದೂರ ಬಂದಿದ್ದೀರಿ. ಆ ಎರಡು ಎಕರೆಗಾಗಿ ಇಲ್ಲಿಗೇ ನಿಂತುಬಿಡಬೇಡಿ.

ಪ್ರಶ್ನೆ: ನನಗೆ 46 ವರ್ಷ. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಆದರೆ ಸಿಟ್ಟು. ಮಾಲೀಕರ ಮುಂದೆ ಬಾಯಿ ಬಿಡದವನು ಮನೆಗೆ ಬಂದರೆ ಹೆಂಡತಿಯ ಮೇಲೆ ಕೂಗಾಡುತ್ತೇನೆ. ಮಕ್ಕಳ ಎದುರಿಗೇ ಅವಳ ತವರಿನವರನ್ನು ಎತ್ತಿ ಆಡುತ್ತೇನೆ. ತಿಂಗಳ ಮೊದಲ ಭಾನುವಾರ ಪಾಪದ ಅರಿಕೆ ಮಾಡಿ ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳುತ್ತೇನೆ. ಮಂಗಳವಾರದ ಹೊತ್ತಿಗೆ ಮತ್ತೆ ಅದೇ. ಒಂದೇ ಪಾಪಕ್ಕೆ ಎಷ್ಟು ಸಲ ಕ್ಷಮೆ ಕೇಳುವುದು? ಅಯೋಗ್ಯನಾಗಿ ತಿಂದು ದಂಡನೆಗೆ ಗುರಿಯಾಗುವುದಕ್ಕಿಂತ ಭೋಜನವನ್ನೇ ಬಿಟ್ಟುಬಿಡಲೇ? ಮಿಷನ್ ಕಾಲದಲ್ಲಿ ಇಂಥವರನ್ನು ಮೇಜಿನಿಂದ ದೂರ ಇಡುತ್ತಿದ್ದರು ಅಂತ ನಮ್ಮ ಅಜ್ಜ ಹೇಳುತ್ತಿದ್ದರು.
ರಾಣೆಬೆನ್ನೂರಿನ ಓದುಗ

ಉತ್ತರ: ನಿಮ್ಮ ಅಜ್ಜ ಹೇಳಿದ್ದು ನಿಜ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್‌ನವರು ಶಿಸ್ತಿನ ಜನ. ಕುಡಿತ, ಜಗಳ, ಮೋಸ ಕಂಡುಬಂದರೆ ಪ್ರಭು ಭೋಜನದಿಂದ ಹೊರಗಿಡುತ್ತಿದ್ದರು. ಅದರಲ್ಲಿ ಒಳ್ಳೆಯದೂ ಇತ್ತು, ಭಯವೂ ಇತ್ತು. ಭಯ ಮಾತ್ರ ನಮ್ಮ ಮನೆಗಳಲ್ಲಿ ಉಳಿದುಕೊಂಡಿತು ಅನ್ನಿಸುತ್ತದೆ.

ಎಷ್ಟು ಸಲ ಅನ್ನುವುದಕ್ಕೆ ಉತ್ತರ ಸುಲಭ. ಸಹೋದರ ದಿನಕ್ಕೆ ಏಳು ಸಲ ತಪ್ಪು ಮಾಡಿ ಏಳು ಸಲವೂ ಬಂದು ಪಶ್ಚಾತ್ತಾಪಪಟ್ಟೆ ಅಂದರೆ ಕ್ಷಮಿಸು, ಇದು ಲೂಕ 17ರಲ್ಲಿದೆ. ನಮ್ಮಂಥವರಿಂದ ಅಷ್ಟು ಕೇಳುವ ದೇವರು ತಾವು ಅದಕ್ಕಿಂತ ಕಮ್ಮಿ ಕ್ಷಮಿಸುತ್ತಾರಾ? 1517ರಲ್ಲಿ ಮಾರ್ಟಿನ್ ಲೂಥರ್ 95 ವಾದಗಳನ್ನು ಬರೆದಾಗ ಮೊದಲನೆಯದಾಗಿ ಇಟ್ಟದ್ದು ಇದನ್ನೇ: ನಂಬುವವರ ಇಡೀ ಬದುಕು ಪಶ್ಚಾತ್ತಾಪದ ಬದುಕಾಗಿರಬೇಕು ಅನ್ನುವುದು ಕ್ರಿಸ್ತನ ಇಷ್ಟ. ಒಂದು ಸಲ ಅತ್ತು ಮುಗಿಸುವ ಕೆಲಸ ಇದಲ್ಲ.

‘ಅಯೋಗ್ಯವಾಗಿ’ ತಿನ್ನುವ ಮಾತು ಒಂದನೇ ಕೊರಿಂಥ 11ರಲ್ಲಿ ಬರುತ್ತದೆ. ಅಲ್ಲಿ ನಡೆದದ್ದೇನು? ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬ ತಿಂದು ಕುಡಿಯುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ಒಂದೇ ಮೇಜಿನ ಜೊತೆಗಾರರಿಗೆ ಅವಮಾನ ಮಾಡಿ, ಅದೇ ಮೇಜಿನಲ್ಲಿ ಕ್ರಿಸ್ತನ ರೊಟ್ಟಿ ಮುರಿಯುತ್ತಿದ್ದರು. ಪೌಲನಿಗೆ ಸಿಟ್ಟು ಬಂದದ್ದು ಅದಕ್ಕೆ. ಪಾಪದಲ್ಲಿ ಒದ್ದಾಡುವವನು ಮೇಜಿಗೆ ಬರಬಾರದು ಅಂತ ಅವನು ಹೇಳಲಿಲ್ಲ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂದ. ಹಾಗಾಗಿ ಬಿಡಬೇಡಿ. ಹಸಿದವನು ಊಟ ಬಿಟ್ಟರೆ ಗಟ್ಟಿಯಾಗುವುದಿಲ್ಲ.

ಆದರೆ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ದೇವರ ಹತ್ತಿರ ಕ್ಷಮೆ ಕೇಳಿದ್ದೀರಿ. ಸಭೆಯಲ್ಲಿ ಅರಿಕೆ ಮಾಡಿದ್ದೀರಿ. ನನಗೂ ಬರೆದಿದ್ದೀರಿ. ಹೆಂಡತಿಯ ಹತ್ತಿರ ಕ್ಷಮೆ ಕೇಳಿದ್ದು ಮಾತ್ರ ಪತ್ರದಲ್ಲಿ ಎಲ್ಲೂ ಇಲ್ಲ. ನೀವು ಬೈದದ್ದು ಯಾರಿಗೆ?

ನಾನು ಸೇವೆಯಲ್ಲಿದ್ದ ಒಂದು ಹಳ್ಳಿಯ ಸಭೆಯಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಬೋರ್‌ವೆಲ್ ನೀರಿನ ಪಾಳಿಗಾಗಿ ಮಾತು ಬಿಟ್ಟಿದ್ದರು. ಅಣ್ಣ ಬಲಗಡೆ ಸಾಲು, ತಮ್ಮ ಎಡಗಡೆ ಕಿಟಕಿಯ ಹತ್ತಿರ. ಒಂದು ಪ್ರಭು ಭೋಜನದ ಭಾನುವಾರ, ಸಾಲು ಸಾಲಾಗಿ ಜನ ಮುಂದೆ ಬಂದು ಮೊಣಕಾಲೂರುವ ಹೊತ್ತಿನಲ್ಲಿ, ಅಣ್ಣ ಎದ್ದು ಅರ್ಧ ದಾರಿ ಬಂದವನು ಗಕ್ಕನೆ ನಿಂತ. ಹಿಂದೆ ಬರುತ್ತಿದ್ದ ಅಜ್ಜಿ ಅವನ ಬೆನ್ನಿಗೆ ಡಿಕ್ಕಿ ಹೊಡೆದಳು. ಅವನು ಮುಂದೆ ಬರಲಿಲ್ಲ. ಎಡಗಡೆ ಸಾಲಿಗೆ ತಿರುಗಿ ತಮ್ಮನ ಹತ್ತಿರ ಹೋಗಿ ಕೂತ. ಏನು ಮಾತಾಡಿದನೋ ನನಗೆ ಕೇಳಿಸಲಿಲ್ಲ. ತಮ್ಮ ಮೊದಲು ಮುಖ ಕಿಟಕಿಗೆ ತಿರುಗಿಸಿಕೊಂಡ. ಹಾಡು ಇನ್ನೊಂದು ಸಲ ಮೊದಲಿನಿಂದ ಹಾಡಬೇಕಾಯಿತು, ಅಷ್ಟು ಹೊತ್ತು ಹಿಡಿಯಿತು. ಕೊನೆಗೆ ಇಬ್ಬರೂ ಬಂದು ಕೊನೆಯ ಸಾಲಿನಲ್ಲಿ ಮೊಣಕಾಲೂರಿದರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅನ್ನುವ ಮತ್ತಾಯ 5ರ ಮಾತನ್ನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ನೀವು ಅಷ್ಟು ದೂರ ನಡೆಯಬೇಕಾಗಿಲ್ಲ. ಅಡುಗೆಮನೆಗೆ ಹೋದರೆ ಸಾಕು. ‘ಏನೋ ಸಿಟ್ಟಲ್ಲಿ ಅಂದೆ ಬಿಡು’ ಅನ್ನಬೇಡಿ. ‘ಮಂಗಳವಾರ ಮಕ್ಕಳ ಎದುರಿಗೆ ನಿನ್ನ ಅಪ್ಪನ ಬಗ್ಗೆ ಹಾಗೆ ಅಂದದ್ದು ತಪ್ಪು, ಕ್ಷಮಿಸು’ ಅನ್ನಿ. ದಿನ, ಮಾತು ಎರಡನ್ನೂ ಹೆಸರಿಸಿ. ಮಕ್ಕಳ ಎದುರಿಗೆ ಬೈದದ್ದಾದರೆ ಮಕ್ಕಳ ಎದುರಿಗೇ ಕೇಳಿ. ಅವಳು ಕೂಡಲೇ ಕ್ಷಮಿಸದಿದ್ದರೆ ಅದಕ್ಕೆ ಮತ್ತೆ ಸಿಟ್ಟು ಮಾಡಿಕೊಳ್ಳಬೇಡಿ. ಇಷ್ಟು ವರ್ಷ ಮಾತು ಕೇಳಿಸಿಕೊಂಡವಳಿಗೆ ಸಮಯ ಬೇಕು. ನೀವು ಬದಲಾದದ್ದನ್ನು ನೋಡುವ ಹಕ್ಕು ಅವಳಿಗಿದೆ.

ಇನ್ನೊಂದು ಮಾತು, ಸ್ವಲ್ಪ ಖಾರ ಇದೆ. ಮಾಲೀಕರ ಮುಂದೆ ನಿಮ್ಮ ಸಿಟ್ಟು ನಿಮ್ಮ ಕೈಯಲ್ಲೇ ಇರುತ್ತದೆ. ದಿನವಿಡೀ ತಡೆಯುತ್ತೀರಿ. ಹಾಗಾದರೆ ತಡೆಯಲು ಬರುತ್ತದೆ ಅಂತ ಆಯಿತಲ್ವಾ? ಮನೆಯಲ್ಲಿ ತಡೆಯದಿರುವುದು ಅವಳು ತಿರುಗಿ ಏನೂ ಮಾಡಲಾರಳು ಅನ್ನುವ ಧೈರ್ಯದಿಂದ. ನೀವು ಅರಿಕೆ ಮಾಡಬೇಕಾದ ಪಾಪ ಅದು. ಬರೀ ‘ಸಿಟ್ಟು’ ಅಂತ ಅರಿಕೆ ಮಾಡಿದರೆ ಬೇರು ಹಾಗೇ ಉಳಿಯುತ್ತದೆ. ಹೆಂಡತಿಗೆ ಗೌರವ ಕೊಡಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಅಂತ ಪೇತ್ರ ತನ್ನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಗಂಡಂದಿರಿಗೆ ಬರೆದಿದ್ದಾನೆ. ನಿಮ್ಮ ಪ್ರಾರ್ಥನೆ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಐದು ನಿಮಿಷ ಹೊರಗೇ ಇರಿ. ಆ ದಿನ ಅಂಗಡಿಯಲ್ಲಿ ನುಂಗಿಕೊಂಡದ್ದನ್ನು ಒಂದೊಂದಾಗಿ ದೇವರಿಗೆ ಹೇಳಿ. ಬೈಯಬೇಕು ಅನಿಸಿದರೆ ಅಲ್ಲೇ ಬೈದು ಮುಗಿಸಿ. ಕೀರ್ತನೆಗಳಲ್ಲಿ ದಾವೀದ ದೇವರ ಮುಂದೆ ಎಷ್ಟು ಕೂಗಾಡಿದ್ದಾನೆ ನೋಡಿ, ದೇವರು ತಡೆದುಕೊಳ್ಳುತ್ತಾರೆ. ಆಮೇಲೆ ಒಳಗೆ ಹೋಗಿ. ನಿಮ್ಮ ಸಭೆಯಲ್ಲಿ ನಂಬಿಕೆಯ ಒಬ್ಬ ಹಿರಿಯರಿಗೆ ವಿಷಯ ತಿಳಿಸಿ, ವಾರಕ್ಕೊಮ್ಮೆ ‘ಈ ವಾರ ಹೇಗಿತ್ತು’ ಅಂತ ಕೇಳಲು ಹೇಳಿ. ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ ಈ ಪತ್ರಕ್ಕಾಗಿ ಕಾಯಬಾರದಿತ್ತು. ಇವತ್ತೇ ನಿಮ್ಮ ಸಭಾಪಾಲಕರ ಹತ್ತಿರ ಹೋಗಿ. ಹೆಂಡತಿ ತವರಿಗೆ ಹೋಗಿರುತ್ತೇನೆ ಅಂದರೆ ತಡೆಯಬೇಡಿ. ಸಹಿಸಿಕೊಂಡಿರು ಅಂತ ಅವಳಿಗೆ ವಾಕ್ಯ ತೋರಿಸುವ ಅಧಿಕಾರ ಈ ವಿಷಯದಲ್ಲಿ ನಿಮಗಿಲ್ಲ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಎರಡು ವರ್ಷದಿಂದ ಫಿಟ್ಸ್ ಬರುತ್ತದೆ. ಮಾತ್ರೆಯಿಂದ ಕಮ್ಮಿ ಆಗಿತ್ತು. ಉಪವಾಸ ಪ್ರಾರ್ಥನೆಗೆ ಬಂದಿದ್ದ ಒಬ್ಬ ಬೋಧಕರು, ‘ತಾಯಿ ಮದುವೆಗೆ ಮುಂಚೆ ಮಾಡಿದ ಪಾಪ ಮಗುವಿನ ಮೇಲೆ ಬಂದಿದೆ, ಮಾತ್ರೆ ಬಿಟ್ಟು ನಂಬಿಕೆ ತೋರಿಸು’ ಅಂದರು. ನಾನು ಒಂದು ತಪ್ಪು ಮಾಡಿದ್ದು ನಿಜ. ಅವರಿಗೆ ಹೇಗೆ ಗೊತ್ತಾಯಿತು? ಏನು ಮಾಡಲಿ?
ಹಾವೇರಿ ಜಿಲ್ಲೆಯ ತಾಯಿ

ಉತ್ತರ: ತಾಯೀ, ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದ್ದರೆ ಈ ಪತ್ರಿಕೆ ಕೆಳಗಿಟ್ಟು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಫಿಟ್ಸಿನ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಧಾರವಾಡದಲ್ಲಿ ಮನಸ್ಸು, ನರಗಳ ಕಾಯಿಲೆ ನೋಡುವ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗಿ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನ ಇಲ್ಲ. ಐದು ನಿಮಿಷಕ್ಕಿಂತ ಜಾಸ್ತಿ ಆದರೆ ಆಸ್ಪತ್ರೆಗೆ ಓಡಿ.

ಆ ಬೋಧಕರಿಗೆ ಏನೂ ಗೊತ್ತಿರಲಿಲ್ಲ. ಯಾರಿಗೆ ಹೇಳಿದರೂ ಎಲ್ಲೋ ಒಂದು ಕಡೆ ತಗಲುವ ಮಾತು ಅದು. ತಪ್ಪೇ ಮಾಡದ ಮನುಷ್ಯರು ಯಾರಿದ್ದಾರೆ?

ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಇದನ್ನೇ ಕೇಳಿದ್ದರು: ಪಾಪ ಇವನದೋ, ಇವನ ತಂದೆತಾಯಿಯದೋ? ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದರು ಯೇಸುಸ್ವಾಮಿ. ಯೋಹಾನ 9ರಲ್ಲಿದೆ. ಯಾರಾದರೂ ಮತ್ತೆ ಈ ಮಾತು ಎತ್ತಿದರೆ ಆ ಪುಟ ತೆಗೆದು ಅವರ ಕೈಗೆ ಕೊಡಿ. ನೀವು ಮಾಡಿದ ತಪ್ಪಿಗೆ ದೇವರ ಹತ್ತಿರ ಕ್ಷಮೆ ಕೇಳಿದ್ದೀರಲ್ವಾ? ಅದು ಮುಗಿಯಿತು. ಪೂರ್ವಕ್ಕೂ ಪಶ್ಚಿಮಕ್ಕೂ ಇರುವಷ್ಟು ದೂರ ಅದನ್ನು ಎಸೆದಾಗಿದೆ ಅನ್ನುತ್ತದೆ 103ನೇ ಕೀರ್ತನೆ. ಎಸೆದದ್ದನ್ನು ಎತ್ತಿ ತಂದು ಮಗುವಿನ ತಲೆ ಮೇಲೆ ಹಾಕುವ ದೇವರು ಅವರಲ್ಲ. ಮಗನಿಗಾಗಿ ಪ್ರಾರ್ಥನೆ ಮಾಡಿ, ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಕೊಡಿ. ಲೂಕನೂ ವೈದ್ಯನೇ ಆಗಿದ್ದ.

ಪ್ರಶ್ನೆ: ಪಾಸ್ಟರ್ ಅಂಕಲ್, ನಾನು ಬೆಂಗಳೂರಲ್ಲಿ ಪೀಜಿಯಲ್ಲಿದ್ದುಕೊಂಡು ಕೆಲಸ ಮಾಡುತ್ತೇನೆ. ರೂಮ್‌ಮೇಟ್ ಕರೆದಳು ಅಂತ ಅವಳ ಸಭೆಗೆ ಹೋಗುತ್ತೇನೆ. ಅಲ್ಲಿ ಎಲ್ಲರಿಗೂ ಒಂದು ತಾರೀಕು ಇದೆ. ‘ಇಂಥ ದಿನ ರಕ್ಷಣೆ ಹೊಂದಿದೆ’ ಅಂತ ಹೇಳುತ್ತಾರೆ, ಅಳುತ್ತಾರೆ. ನನಗೆ ಅಂಥ ದಿನವೇ ಇಲ್ಲ. ಚಿಕ್ಕಂದಿನಿಂದ ಸಭೆ, ಸಂಡೇ ಸ್ಕೂಲ್, ದೃಢೀಕರಣ. ಪ್ರಾರ್ಥನೆ ಮಾಡುವಾಗ ಏನೂ ಅನ್ನಿಸುವುದೂ ಇಲ್ಲ. ನಾನು ನಿಜವಾಗಿ ಕ್ರೈಸ್ತಳಾ?
23 ವರ್ಷದ ಓದುಗಳು

ಉತ್ತರ: ಮಗಳೇ, ನೀನು ಕನ್ನಡ ಕಲಿತ ದಿನ ಯಾವುದು? ತಾರೀಕು ಇಲ್ಲ, ಆದರೆ ಮಾತಾಡುತ್ತೀಯ. ಪೌಲನಿಗೆ ದಮಸ್ಕದ ದಾರಿಯಲ್ಲಿ ಬೆಳಕು ಹೊಡೆಯಿತು, ಅಲ್ಲಿಂದ ಅವನು ಯೇಸುವಿನ ಕಡೆ ತಿರುಗಿದ. ಅವನು ಮಗನ ಹಾಗೆ ಬೆಳೆಸಿದ ತಿಮೊಥೆಯನಿಗೆ ಅಂಥದ್ದು ಆದ ಬಗ್ಗೆ ಒಂದು ಸಾಲೂ ಇಲ್ಲ. ಅಜ್ಜಿ ಲೋವಿ, ತಾಯಿ ಯೂನೀಕೆ, ಅವರಲ್ಲಿದ್ದ ನಂಬಿಕೆ ನಿನ್ನಲ್ಲೂ ಇದೆ ಅಂತ ಪೌಲನೇ ಅವನಿಗೆ ಬರೆದ. ನಿನ್ನ ಸಾಲು ತಿಮೊಥೆಯನದು.

ಆದರೂ ನಿನ್ನ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಪಂಡಿತಾ ರಮಾಬಾಯಿಯ ಹೆಸರು ಕೇಳಿದ್ದೀಯಾ? 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತ ಶಾಸ್ತ್ರಿಗಳು ಕಾರ್ಕಳದ ಹತ್ತಿರದ ಮಾಳದವರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದು ಅನ್ನುವ ಕಾಲದಲ್ಲಿ ಹೆಂಡತಿಗೂ ಮಗಳಿಗೂ ಕಲಿಸಿದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು. ಭಾರತಕ್ಕೆ ಬಂದು ವಿಧವೆಯರಿಗೆ ಶಾಲೆ ತೆರೆದರು. ಎಷ್ಟೋ ಹೆಣ್ಣುಮಕ್ಕಳನ್ನು ಉಳಿಸಿದರು. ಹೀಗೆಲ್ಲ ಮಾಡಿದ ಮೇಲೆ, ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ಅವರಿಗೊಂದು ವಿಷಯ ಹೊಳೆಯಿತು. ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನೇ ಇನ್ನೂ ಸಿಕ್ಕಿಲ್ಲ ಅಂತ. ಇದನ್ನು ಅವರೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಮೊದಲಿನ ಎಂಟು ವರ್ಷ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ಆ ವರ್ಷಗಳಲ್ಲೂ ದೇವರು ಅವರ ಜೊತೆ ನಡೆಯುತ್ತಿದ್ದರು, ಅವರಿಗೆ ಗೊತ್ತಾದದ್ದು ತಡವಾಗಿ.

ಹಾಗಾಗಿ ತಾರೀಕು ಹುಡುಕಬೇಡ. ಇನ್ನೊಬ್ಬರ ಅಳುವನ್ನು ನೋಡಿ ಅಳಲು ಹೋಗಬೇಡ. ಅವರ ಅಳು ನಿಜವೇ ಇರಬಹುದು, ನಿನ್ನದಲ್ಲ ಅಷ್ಟೇ. ಈ ವಾರ ಮಾರ್ಕನ ಸುವಾರ್ತೆಯನ್ನು ಓದು. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಪರೀಕ್ಷೆಗೆ ಓದುವ ಹಾಗೆ ಬೇಡ. ಯೇಸು ಯಾರನ್ನು ಮುಟ್ಟಿದರು, ಯಾರ ಜೊತೆ ಊಟ ಮಾಡಿದರು, ಯಾರಿಗೆ ಸಿಟ್ಟಾದರು ಅಂತ ನೋಡುತ್ತಾ ಓದು. ಆಮೇಲೆ ಅವರ ಹತ್ತಿರ ಮಾತಾಡು. ಏನೂ ಅನ್ನಿಸದಿದ್ದರೆ ‘ಏನೂ ಅನ್ನಿಸುತ್ತಿಲ್ಲ’ ಅಂತಲೇ ಹೇಳು, ಅದೂ ಪ್ರಾರ್ಥನೆಯೇ. ನೀನು ಬೆಳೆಯುತ್ತಿದ್ದೀಯಾ ಅನ್ನುವುದನ್ನು ನಿನ್ನ ರೂಮ್‌ಮೇಟ್ ನಿನಗಿಂತ ಚೆನ್ನಾಗಿ ಹೇಳಬಲ್ಲಳು. ಪಾತ್ರೆ ತೊಳೆಯುವ ಪಾಳಿ ತಪ್ಪಿದಾಗ ನೀನು ಹೇಗೆ ಮಾತಾಡುತ್ತೀಯ ಅಂತ ಅವಳಿಗೆ ಗೊತ್ತು.

ಪ್ರಶ್ನೆ: ಲೆಂಟ್ ಕಾಲದಲ್ಲಿ ಏನಾದರೂ ಓದಬೇಕು ಅಂತ ಆಸೆ. ಬೇಕರಿ ಕೆಲಸ, ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು. ಉದ್ದ ಓದಲು ಆಗುವುದಿಲ್ಲ. ಏನು ಓದಲಿ?
ಮಂಗಳೂರಿನ ಓದುಗ

ಉತ್ತರ: ಕೀರ್ತನೆಗಳಲ್ಲಿ ಏಳನ್ನು ಹಿಂದಿನಿಂದಲೂ ಪಶ್ಚಾತ್ತಾಪದ ಕೀರ್ತನೆಗಳು ಅಂತ ಸಭೆ ಓದುತ್ತಾ ಬಂದಿದೆ: 6, 32, 38, 51, 102, 130, 143. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಭಾನುವಾರ ಬಿಟ್ಟರೆ 40 ದಿನ. ಮೊದಲ ಅರೆವಾರವನ್ನೂ ಸೇರಿಸಿದರೆ ಏಳು ವಾರ ಆಗುತ್ತದೆ. ವಾರಕ್ಕೊಂದು ಕೀರ್ತನೆ ಇಟ್ಟುಕೊಳ್ಳಿ, ಅದನ್ನೇ ದಿನವೂ ಓದಿ. ನಡುವಿನ ವಾರಕ್ಕೆ 51 ಬರುತ್ತದೆ, ಗುಡ್ ಫ್ರೈಡೇ ವಾರಕ್ಕೆ 143. 130ರಲ್ಲಿ ಎಂಟೇ ವಚನ, ಬಾಯಿಪಾಠ ಮಾಡಿಕೊಳ್ಳಬಹುದು. 102 ಉದ್ದ ಇದೆ, ಅದನ್ನು ಎರಡು ಪಾಲು ಮಾಡಿಕೊಳ್ಳಿ.

ಬಾಯಿಬಿಟ್ಟು ಓದಿ. ಬೆಳಿಗ್ಗೆ ಆಗದಿದ್ದರೆ ರಾತ್ರಿ ಓದಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಸಲ ಓದಿ ಸರಿದೂಗಿಸಲು ಹೋಗಬೇಡಿ. ಸುಮ್ನೆ ಅವತ್ತಿನದನ್ನು ಓದಿ.